ಇನ್ನೊಬ್ಬಳ ಹೆಗಲಿಗೆ

ಹೂಂಗುಟ್ಟುವವರಿದ್ದರೆ ಕಥೆಗೆ ಕಾಲು ಬರುತ್ತದಂತೆ. ಹಾಗೆ ಕಾಲು ಬಂದ ಕಥೆಯೊಳಗೆ, ಒಂದು ಊರಿನ ಒಂದು ಬೀದಿಯಲ್ಲಿ, ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಅವಳ ಮೆಷಿನ್ ಓಡತೊಡಗಿದರೆ ಗಾಳಿಗೂ ಏದುಸಿರು. ಅವಳಿಗೊಬ್ಬಳೇ ಮಗಳು. ಆ ಮಗಳಿಗೆ ಹಳೇ ಕಾಲದ ಹುಚ್ಚು.

ಊರಾಚೆಯ ಮೈದಾನದಲ್ಲಿ ಇನ್ನೂರು ವರ್ಷದ ಹಿಂದಿನ ಯುದ್ಧವೊಂದನ್ನು ವರ್ಷಕ್ಕೊಮ್ಮೆ ಮತ್ತೆ ಆಡಿ ತೋರಿಸುವ ತಂಡವಿತ್ತು. ಸೈನಿಕರಿಗೆ ನೀರು ಹೊತ್ತು ತರುವ ಹೆಂಗಸಿನ ಪಾತ್ರ ಮಗಳದು. ಆ ಕಾಲದಲ್ಲಿ ಮೆಷಿನ್ ಇರಲಿಲ್ಲವಾದ್ದರಿಂದ ಉಡುಪಿನ ಒಂದೊಂದು ಹೊಲಿಗೆಯೂ ಕೈಯದೇ ಆಗಬೇಕು. ತಂಡ ಕಟ್ಟಿದ ನಿವೃತ್ತ ಮೇಷ್ಟ್ರು ಭೂತಗನ್ನಡಿ ಹಿಡಿದು ಅಂಚು ಮಗುಚಿ ನೋಡುತ್ತಿದ್ದರು.

“ಮೆಷಿನ್ ಇಟ್ಕೊಂಡು ಕೈಯಲ್ಲಿ ಹೊಲಿಯೋದಾ? ಬಸ್ಸು ಎದುರಿಗೇ ನಿಂತಿದ್ರೂ ತೆವಳ್ಕೊಂಡು ಹೋದ ಹಾಗಾಯ್ತು,” ಎಂದು ಅಮ್ಮ ಗೊಣಗಿದಳು.

“ತೆವಳೇ ನನ್ನಮ್ಮ, ನನಗೋಸ್ಕರ ತೆವಳು!”

ತೆವಳಿದಳು. ನೀಲಿ ಬಟ್ಟೆಯನ್ನು ಮಗಳ ಮೈಮೇಲೆಯೇ ಹೊದಿಸಿ, ಗುಂಡುಸೂಜಿ ಚುಚ್ಚಿ, ನಿಲುವಂಗಿಯ ಮೇಲ್ಭಾಗ ಕೂಡಿಸಿದಳು. ಚಿಕ್ಕಂದಿನಲ್ಲಿ ಗೋಡೆ ಹತ್ತಿ ಬಿದ್ದು ಮಗಳ ಎಡ ಹೆಗಲು ತುಸು ಇಳಿದಿತ್ತು. ಬಟ್ಟೆಯ ಹೆಗಲನ್ನೂ ಅಷ್ಟೇ ಇಳಿಸಿ ಹೊಲಿದಳು.

ಕೆಲಸ ಅರ್ಧವಾಗಿದ್ದಾಗ ಮಗಳಿಗೆ ಜ್ವರ ಹತ್ತಿತು. ಆಸ್ಪತ್ರೆಯಲ್ಲಿ ಮಲಗಿದ್ದ ಮಗಳು ಅಮ್ಮನ ಬೆರಳು ಹಿಡಿದುಕೊಂಡು, “ಈ ಸಲ ನಂಗೆ ಹೋಗೋಕಾಗಲ್ಲ ಅನ್ಸುತ್ತೆ. ಕಡ್ಡಿಗೆ ತೊಡಿಸಿ ಕಳ್ಸು. ಮುಗಿಸ್ತೀಯ ತಾನೆ?” ಎಂದಳು. ಕಡ್ಡಿ ಎಂದರೆ ಅವಳ ಜೀವದ ಗೆಳತಿ.

“ಮುಗಿಸ್ತೀನಿ. ಮೊದ್ಲು ಔಷಧಿ ಕುಡಿ.”

ಔಷಧಿ ಕುಡಿದಳು. ಉಳಿಯಲಿಲ್ಲ.

ಯುದ್ಧದ ದಿನ ಹತ್ತಿರವಾದಾಗ ಕಡ್ಡಿ ಬಂದು ಬಾಗಿಲಲ್ಲೇ ನಿಂತಳು. “ಮೇಷ್ಟ್ರು ಬೇರೆ ಬಟ್ಟೆ ನೋಡ್ತೀನಿ ಅಂದಿದಾರೆ ಆಂಟಿ. ನೀವು ಬೇಡ ಅಂದ್ರೆ...”

“ಮಾತು ಕೊಟ್ಟಿದೀನಿ. ಕಂಬದ ಹಾಗೆ ನಿಲ್ಬೇಡ, ಬಾ ಒಳಗೆ.”

ಅಮ್ಮ ನಿಲುವಂಗಿ ತೊಡಿಸಿದಳು. ಸೊಂಟ ಸಡಿಲವಿತ್ತು, ಹಿಡಿದಳು. ತೋಳು ಉದ್ದವಿತ್ತು, ಮಡಿಸಿದಳು. ಹಿಂದಕ್ಕೆ ಸರಿದು ನೋಡಿದಳು. ಅದೇ ನೀಲಿ, ಅದೇ ಇಳಿದ ಎಡ ಹೆಗಲು, ಒಂದು ಸುಕ್ಕೂ ಇಲ್ಲ. ಬೆನ್ನು ತಿರುಗಿಸಿ ನಿಂತಿರುವುದು ಮಗಳೇ. ಕೂಗಿದರೆ ‘ಏನಮ್ಮ’ ಎಂದುಬಿಡುತ್ತಾಳೆ.

ಕೂಗಲಿಲ್ಲ. ಆ ಹೆಗಲ ಮೇಲೆ ಅಂಗೈಯಿಟ್ಟಳು. ಅದು ಬಿಗಿದುಕೊಂಡು ಸಣ್ಣಗೆ ನಡುಗುತ್ತಿತ್ತು.

“ಏನೇ ಇದು? ಹೆಗಲು ಬೇಕಂತ್ಲೇ ಇಳಿಸಿದೀಯ?”

“ಹೊಲಿಗೆ ಬಿಚ್ಬೇಡಿ ಆಂಟಿ. ಹೀಗೇ ನಡೀತೀನಿ. ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡಿದೀನಿ.”

“ದಿನವಿಡೀ? ನೀರು ಹೊತ್ಕೊಂಡು?”

“ಅವಳು ನಡೀತಿರ್ಲಿಲ್ವಾ?”

ಅಮ್ಮ ಮನೆಯ ಸುತ್ತ ಕಣ್ಣಾಡಿಸಿದಳು. ಮಗಳ ಬಾಚಣಿಗೆ ಇತ್ತು, ಚಪ್ಪಲಿ ಇತ್ತು, ಫೋಟೋ ಇತ್ತು. ಆದರೆ ಕೈಯಿಟ್ಟರೆ ಮಗಳೆಂದು ತಿಳಿಯುವಂಥದ್ದು ಈ ಹೆಗಲೊಂದೇ. ಬಿಚ್ಚಿದರೆ, ಮತ್ತೆ ಅಳತೆ ತೆಗೆಯಲು ಹೆಗಲೆಲ್ಲಿಂದ ತರುವುದು? ಬಿಡು, ಹುಡುಗಿ ತಾನಾಗಿಯೇ ಬೇಡವೆನ್ನುತ್ತಿದ್ದಾಳಲ್ಲ ಎಂದಿತು ಒಳಗಿನ ಆಸೆ. ಹೆಗಲನ್ನು ಹಾಗೇ ಬಿಟ್ಟು ಉಳಿದದ್ದು ಹೊಲಿಯಲು ಸೂಜಿಗೆ ದಾರವನ್ನೂ ಪೋಣಿಸಿಬಿಟ್ಟಳು. ಆಗ ಕನ್ನಡಿಯಲ್ಲಿ ಕಡ್ಡಿಯ ಮುಖ ಕಂಡಿತು. ಹುಡುಗಿ ನೋವಿಗೆ ತುಟಿ ಕಚ್ಚಿಕೊಂಡಿದ್ದಳು.

“ನೆಟ್ಟಗೆ ನಿಂತ್ಕೊ.”

“ಆಂಟಿ...”

“ನೆಟ್ಟಗೆ ನಿಂತ್ಕೊಳ್ಳೇ ಅಂದ್ರೆ! ನಿಮ್ಮಮ್ಮ ನಿನ್ನ ನೆಟ್ಟಗೆ ಹೆತ್ತಿದಾಳೆ.”

ಕತ್ತರಿಯ ಮೊನೆ ಹಾಕಿ ಒಂದೊಂದೇ ಹೊಲಿಗೆ ಎಬ್ಬಿಸಿದಳು. ಅಷ್ಟು ಸಣ್ಣಗೆ ಯಾಕಾದರೂ ಹೊಲಿದೆನೋ ಎಂದು ತನ್ನ ಕೈಯನ್ನೇ ಶಪಿಸಿದಳು. ಕೊನೆಯದು ಕಿತ್ತು ಬಂದದ್ದೇ ತಡ, ಕಡ್ಡಿಯ ಹೆಗಲು ಮೇಲೆದ್ದಿತು, ಅವಳ ಅಳುವೂ ಕಟ್ಟೆಯೊಡೆಯಿತು.

“ಅಲ್ಲಾಡ್ಬೇಡ, ಸೂಜಿ ಚುಚ್ಚುತ್ತೆ.”

“ಚುಚ್ಲಿ.”

“ರಕ್ತದ ಕಲೆ ಬಿದ್ರೆ ಮೇಷ್ಟ್ರು ಭೂತಗನ್ನಡಿ ಹಿಡ್ಕೊಂಡು, ಇದು ಯಾವ ಕಾಲದ್ದು ಅಂತ ಕೇಳ್ತಾರೆ ಕಣೇ.”

ಇಬ್ಬರೂ ನಕ್ಕರು, ನಕ್ಕಿದ್ದಕ್ಕೇ ಇನ್ನಷ್ಟು ಅತ್ತರು.

ಹೊಸ ಹೆಗಲನ್ನು ಅಮ್ಮ ಗುಂಡುಸೂಜಿಯಲ್ಲಿ ಗುರುತಿಸಿ, ನಿಲುವಂಗಿ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಹಿಡಿದು ಹೊಲಿದಳು. ಆಮೇಲೆ ತೋಳು. ಆಮೇಲೆ ನೆಲ ಮುಟ್ಟುವ ಅಂಚು. ಅದನ್ನು ಸುತ್ತಿ ಮುಗಿಸುವಷ್ಟರಲ್ಲಿ ಬೆರಳು ಮರಗಟ್ಟಿತ್ತು. ಕೊನೆಗೆ ಗಂಟು ಹಾಕಿ, ಬಾಗಿ, ದಾರವನ್ನು ಹಲ್ಲಿನಲ್ಲಿ ಕಡಿದಳು.