ಇಸ್ತ್ರಿ ಮೇಜಿನ ಸ್ತುತಿ

ನೀರು ಜಾಸ್ತಿಯಾಯಿತು ಎಂದು ಚಿಕ್ಕಮ್ಮ ಹೇಳುವಷ್ಟರಲ್ಲಿ ಮಗಳು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒತ್ತಿಯಾಗಿತ್ತು. ಚುಂಯ್ ಎಂದು ಹಬೆ ಎದ್ದಿತು. ಒಳಕೋಣೆಯಲ್ಲಿ ಅಮ್ಮನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮುಚ್ಚಳ ಹಾಕುವ ಮುಂಚೆ ಹೊದಿಸಬೇಕಾದ ಬಿಳಿ ಬಟ್ಟೆಯ ತುಂಬ ಮಡಿಕೆಯ ಗೆರೆಗಳು. ಊರವರ ಬಟ್ಟೆಯ ಸುಕ್ಕು ತೆಗೆದೇ ಮುದುಕಿಯಾದವಳನ್ನು ಹೀಗೆ ಕಳಿಸಿದರೆ ಜನ ಆಡಿಕೊಳ್ಳುತ್ತಾರೆಂದು ಚಿಕ್ಕಮ್ಮನೇ ಅದನ್ನು ಮುಂದಿನ ಕೋಣೆಗೆ ತಂದು ಇಸ್ತ್ರಿ ಮೇಜಿನ ಮೇಲೆ ಹಾಸಿದ್ದಳು. ಮುಂದಿನ ಕೋಣೆಯೇ ಅಮ್ಮನ ಅಂಗಡಿ.

ಪಾದ್ರಿಗಳು ಬಾಗಿಲಲ್ಲಿ ನಿಂತು ಮೆಲ್ಲಗೆ ವಿಷಯ ತಿಳಿಸಿದರು. ಮುಚ್ಚಳ ಹಾಕುವಾಗ ಮಗಳೇ ಪ್ರಾರ್ಥನೆ ಮಾಡಬೇಕು, ಏನನ್ನೂ ಬೇಡಬಾರದು, ಸ್ತುತಿ ಒಂದೇ ಸಾಕು ಎಂದು ಅಮ್ಮ ಮೊದಲೇ ಹೇಳಿಟ್ಟಿದ್ದಳಂತೆ.

"ನನ್ನ ಕೈಲಿ ಆಗಲ್ಲ ಫಾದರ್," ಎಂದಳು ಮಗಳು, ತಲೆ ಎತ್ತದೆ.

ಪಾದ್ರಿಗಳು ಚಿಕ್ಕಮ್ಮನ ಮುಖ ನೋಡಿದರು. ಅವಳು ನೆಲ ನೋಡಿದಳು. ಅಣ್ಣ ಸತ್ತಂದಿನಿಂದ ಮಗಳು ಪ್ರಾರ್ಥನೆ ಬಿಟ್ಟದ್ದು ಮನೆಮಂದಿಗೆಲ್ಲ ಗೊತ್ತಿತ್ತು.

*

ಅಮ್ಮನದು ಒಂದೇ ಕ್ರಮ. ಬಟ್ಟೆಗೆ ನೀರು ಚಿಮುಕಿಸುವುದು, ಎಡಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಡುವುದು, "ದೇವರೇ, ನೀನು ಒಳ್ಳೆಯವನು" ಅನ್ನುವುದು, ಆಮೇಲೆ ಇಸ್ತ್ರಿ. ಅಂಗಿಗೂ ಅದೇ, ದಿಂಬಿನ ಚೀಲಕ್ಕೂ ಅದೇ. ಬೇಡಿಕೆಯ ಮಾತೇ ಇಲ್ಲ. ಯಾರಾದರೂ ಛೇಡಿಸಿದರೆ, ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಏನು ತಂದಿರಿ ಅಂತ ಕೇಳುತ್ತೀರಾ, ಮೊದಲು ಮುಖ ನೋಡಿ ನಗುವುದಿಲ್ಲವೇ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅಣ್ಣ ಜ್ವರದಲ್ಲಿ ಆಸ್ಪತ್ರೆ ಸೇರಿದಾಗ ಮಗಳು ಅಲ್ಲಿಂದ ಅಂಗಡಿಗೆ ಓಡಿಬಂದಿದ್ದಳು. "ಒಂದೇ ಒಂದು ಸಲ ಕೇಳಮ್ಮ. ಅತ್ತರೆ ತಾನೆ ತಾಯಿನೂ ಹಾಲು ಕೊಡೋದು?"

ಅಮ್ಮ ಯಾರದೋ ಪ್ಯಾಂಟಿನ ಮೇಲೆ ಕೈ ಇಟ್ಟು, ನೀನು ಒಳ್ಳೆಯವನು ಎಂದಳು. ಆ ವಾರವೇ ಅಣ್ಣ ಹೋದ. ಕೇಳಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಅಮ್ಮ ಕೇಳಲಿಲ್ಲ ಎಂಬ ಸಿಟ್ಟು ಮಾತ್ರ ಮಗಳಲ್ಲಿ ಉಳಿಯಿತು.

*

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಮುದಿ ಬಸ್ ಕಂಡಕ್ಟರು ಎದ್ದು ಬಂದ. ಕೆಲಸದಲ್ಲಿದ್ದಷ್ಟು ಕಾಲವೂ ಅವನ ಯೂನಿಫಾರಂ ಇಸ್ತ್ರಿಯಾದದ್ದು ಈ ಮೇಜಿನ ಮೇಲೆಯೇ. ಬಾಯಿಬಡುಕನೆಂದು ಹೆಸರಾದವನು ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ.

"ನಿಮ್ಮಣ್ಣನ್ನ ಮಣ್ಣು ಮಾಡಿದ ಮೇಲೆ ಅಮ್ಮ ಅಂಗಡಿ ತೆಗೆದ್ರಲ್ಲ, ಅವತ್ತು ನನ್ನ ಅಂಗಿ ಸುಟ್ರು," ಎಂದ. "ಅವರ ಕೈಲಿ ಸುಟ್ಟಿದ್ದು ಅದೊಂದೇ. ಎಡಗೈ ಅಂಗಿ ಮೇಲೆ, ಇಸ್ತ್ರಿಪೆಟ್ಟಿಗೆ ಅಂಗಿ ತೋಳಿನ ಮೇಲೆ. ಹಾಗೇ ನಿಂತುಬಿಟ್ರು. ಹೊಗೆ ಬಂದಮೇಲೆ ನಾನೇ ಪೆಟ್ಟಿಗೆ ಎತ್ತಿಟ್ಟೆ. ಆಗ ಅಂದ್ರು, ನಂಗೆ ಬಾಯಿ ಬರ್ತಿಲ್ಲ, ನೀವು ಹೇಳಿ ಅಂತ."

ಮಗಳ ಕೈ ನಿಂತಿತು. ಚಿಕ್ಕಮ್ಮ ಗಾಬರಿಯಿಂದ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ತೆಗೆದಳು.

"ನೀವು ಹೇಳಿದ್ರಾ?"

"ಮುಂದೆ ಹೋಗಿ, ಮುಂದೆ ಹೋಗಿ ಅನ್ನೋದು ಬಿಟ್ರೆ ನಂಗೇನಮ್ಮ ಗೊತ್ತಿತ್ತು? ಕೇಳಿ ಕೇಳಿ ಅವರ ಮಾತೇ ಬಾಯಿಗೆ ಬಂದಿತ್ತು, ಹೇಳಿದೆ. ಆಮೇಲೆ ಅಂಗಿ ತಂದಾಗೆಲ್ಲ ನಾನೇ ಹೇಳಬೇಕಾಯ್ತು. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಅವರೇ ಶುರು ಮಾಡಿದ್ರು."

ಮಗನಿಗಾಗಿ ಅಮ್ಮ ಒಂದು ಸಲವಾದರೂ ಬೇಡಿದ್ದಳೇ ಎಂದು ಮಗಳು ಕೇಳಿದಳು. ತನಗೆ ತಿಳಿಯದು ಎಂದ ಕಂಡಕ್ಟರು.

ಬಟ್ಟೆಯನ್ನು ಒಳಗೆ ಒಯ್ದು ಹೊದಿಸಿದರು. ಇಬ್ಬರು ಮುಚ್ಚಳ ಹಿಡಿದು ನಿಂತರು. ಮಗಳು ಎಡಗೈಯನ್ನು ಅಮ್ಮನ ಎದೆಯ ಮೇಲಿನ ಬಟ್ಟೆಗೆ ಚಪ್ಪಟೆಯಾಗಿ ಇಟ್ಟಳು. ಬಟ್ಟೆ ಇನ್ನೂ ಬೆಚ್ಚಗಿತ್ತು. ಬಾಯಿ ತೆರೆದಳು. ಏನೂ ಬರಲಿಲ್ಲ. ಪಾದ್ರಿಗಳು ಕೆಮ್ಮಿದರು. ಚಿಕ್ಕಮ್ಮ ಬಿಕ್ಕಿದಳು.

ಮಗಳು ತಿರುಗಿ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನ ಕಡೆ ನೋಡಿದಳು.

"ನಂಗೂ ಬಾಯಿ ಬರ್ತಿಲ್ಲ. ನೀವು ಹೇಳಿ."

ಕಂಡಕ್ಟರಿಗೆ ಮೆತ್ತಗೆ ಮಾತಾಡುವುದು ಯಾವತ್ತೂ ಒಲಿದಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಕೂಗುತ್ತಿದ್ದ ಗಂಟಲಲ್ಲೇ, ಬೀದಿಯಲ್ಲಿ ನಿಂತವರಿಗೂ ಕೇಳುವ ಹಾಗೆ, "ದೇವರೇ, ನೀನು ಒಳ್ಳೆಯವನು" ಎಂದ.

ಮುಚ್ಚಳ ಹಿಡಿದವರು ಕಾದರು. ಬಟ್ಟೆಯ ಬಿಸಿ ಆರುವವರೆಗೂ ಅವಳು ಕೈ ತೆಗೆಯಲಿಲ್ಲ.