ಬಸ್ಸು ತಂದ ಗಾರ್ಸೈಡ್

ಲಯನೆಲ್ ಗಾರ್ಸೈಡ್ ಒಬ್ಬರೇ ನಡೆಯುವಾಗಲೂ ಹಿಂದೆ ಮೆರವಣಿಗೆಯೊಂದು ಬರುತ್ತಿರುವಂತೆ ನಡೆಯುತ್ತಿದ್ದರು. ಆಗಾಗ ಕತ್ತು ಹೊರಳಿಸಿ, ಜನ ಚದುರಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಗದ್ದವೆತ್ತಿ ಸಾಗುವ ಆ ಗಾಂಭೀರ್ಯದ ಬೆನ್ನಿಗೆ ಪಕ್ಕದ ಮನೆಯ ಬೆಕ್ಕನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಲಂಡನ್ನಿನ ಅಂಚಿನ ಹ್ಯಾಝೆಲ್‌ಡೀನ್ ಬಡಾವಣೆಯಿಂದ ಕೌಂಟಿಯ ಕೌನ್ಸಿಲರಾಗಿ ಆಯ್ಕೆಯಾದಂದಿನಿಂದ ಅವರ ಬಾಯಲ್ಲಿ ಏಕವಚನವೇ ಲುಪ್ತವಾಗಿತ್ತು. "ನಾವು ಇವತ್ತು ಹಲ್ಲು ಕೀಳಿಸ್ಕೊಂಡ್ವಿ," ಎಂದು ಊದಿದ ಕೆನ್ನೆ ಹಿಡಿದು ಹೇಳಿದವರು ಅವರು.

ಆದರೂ ಬಸ್ಸು ತಂದವರು ಅವರೇ. ಹ್ಯಾಝೆಲ್‌ಡೀನಿನಲ್ಲಿ ಕಾರಿಲ್ಲದವರು ಕಾಲಿಲ್ಲದವರೇ ಸರಿ. ಗುಡ್ಡದಾಚೆಯ ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದ ಗಂಡ ವಾಲ್ಟರನನ್ನು ನೋಡಲು ಮ್ಯೂರಿಯಲ್ ಟಿಪ್ಪೆಟ್ ಎಂಬ ವೃದ್ಧೆ ಯಾರ್ಯಾರದೋ ಕಾರಿಗೆ ಕಾದು, ಹಿಂದಿನ ಸೀಟಿನಲ್ಲಿ ಅವರ ನಾಯಿಯ ಪಕ್ಕ ಮುದುಡಿ ಹೋಗುತ್ತಿದ್ದಳು. ಗಾರ್ಸೈಡ್ ಆಕೆಯ ಹೆಸರನ್ನು ಸಭೆಯಿಂದ ಸಭೆಗೆ ಹೊತ್ತರು. ಎದುರು ಪಕ್ಷದವರು ಬೇಸತ್ತು ಒಪ್ಪುವ ತನಕ ಹೊತ್ತರು.

"ಮೊದಲ್ನೇ ಬಸ್ಸು ನಿನಗೇ ಕಣಮ್ಮ ಮ್ಯೂರಿಯಲ್. ಇದು ನಮ್ಮ ಮಾತು."

"ನಮ್ಮ ಅಂದ್ರೆ ಎಷ್ಟು ಜನರದ್ದಪ್ಪಾ?" ಎಂದು ಆಕೆ ನಕ್ಕಿದ್ದಳು.

ಉದ್ಘಾಟನೆಯ ದಿನ, ಕೊರಳಲ್ಲಿ ಚಿನ್ನದ ಸರಪಳಿ ಹೊತ್ತ ಮೇಯರ್, ಪಾದ್ರಿ, ವರ್ತಕರ ಸಂಘದ ಗಣ್ಯರು, ಪತ್ರಿಕೆಯವರು, ಅವರೆಲ್ಲರ ಮಡದಿಯರು ತಂತಮ್ಮ ಕಾರುಗಳಲ್ಲಿ ಬಂದಿಳಿದು, ರಿಬ್ಬನ್ ಕತ್ತರಿಸಿ, ಆ ಪುಟ್ಟ ಬಸ್ಸನ್ನು ಭರ್ತಿ ಮಾಡಿ ಆಸ್ಪತ್ರೆಯತ್ತ ಹೊರಟರು. ಆ ಬೆಳಿಗ್ಗೆಯೇ ಆಸ್ಪತ್ರೆಯಿಂದ ಮ್ಯೂರಿಯಲ್‌ಳಿಗೆ 'ತಡ ಮಾಡಬೇಡಿ' ಎಂದು ಫೋನು ಬಂದದ್ದು ಗಾರ್ಸೈಡರಿಗೆ ತಿಳಿದಿರಲಿಲ್ಲ. ಅವರಿಗೆ ಕಂಡದ್ದು ನಿಲ್ದಾಣದ ಕಂಬದ ಬಳಿ ಎತ್ತಿದ ಒಂದು ಕೈ ಮಾತ್ರ.

"ನೋಡಿ, ನೋಡಿ! ನಮ್ಮ ಮ್ಯೂರಿಯಲ್ ಹೇಗೆ ಕೈ ಬೀಸ್ತಿದಾಳೆ!"

ಇಡೀ ಬಸ್ಸು ಸಂಭ್ರಮದಿಂದ ಕೈ ಬೀಸಿತು.

"ಬೀಸ್ತಿಲ್ಲ ಸ್ವಾಮಿ," ಎಂದ ಡ್ರೈವರ್ ಮಿಕ್, ವೇಗ ತಗ್ಗಿಸುತ್ತ. "ಬಸ್ಸಿಗೆ ಕೈ ಅಡ್ಡ ಹಿಡಿದವ್ಳೆ."

"ಮತ್ತೆ ನಿಲ್ಸಪ್ಪಾ!"

"ನಿಲ್ಸಿ ಎಲ್ಲಿ ಕೂರಿಸ್ಲಿ, ನನ್ನ ತೊಡೆ ಮೇಲಾ? ನಿಂತ್ಕೊಂಡು ಹೋಗೋ ಹಾಗಿಲ್ಲ ಇದ್ರಲ್ಲಿ. ಯಾರಾದ್ರೂ ಇಳೀತೀರಾ?"

ಗಣ್ಯರಲ್ಲಿ ತಮಗಿಂತ ಹಿರಿಯರು ಏಳುವ ಮುನ್ನ ತಾವೇಳುವುದು ಅಗೌರವ. ವರ್ತಕರು ಪಾದ್ರಿಯನ್ನು ನೋಡಿದರು, ಪಾದ್ರಿ ಮೇಯರರನ್ನು ನೋಡಿದರು, ಮೇಯರ್ ಕಿಟಕಿಯಾಚೆಯ ಬೇಲಿಯನ್ನು ನೋಡಿದರು. ಗಾರ್ಸೈಡ್ ಅರ್ಧ ಎದ್ದರು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಭಾಷಣ ಅವರದೇ ಇತ್ತು.

"ಮುಂದಿನದ್ರಲ್ಲಿ ಬರ್ತಾಳೆ ಬಿಡಪ್ಪ," ಎಂದು ಕುಳಿತರು.

ಮುಂದಿನದರಲ್ಲಿ ಆಕೆ ಬಂದಳು. ಅಷ್ಟರಲ್ಲಿ ವಾಲ್ಟರನ ಹಾಸಿಗೆಯ ಹೊದಿಕೆಗಳನ್ನು ತೆಗೆದಾಗಿತ್ತು. ಕೊನೆಯ ಗಳಿಗೆಯಲ್ಲಿ ಅವನು ಬಾಗಿಲ ಕಡೆಗೇ ಮುಖ ಮಾಡಿದ್ದನೆಂದು, ಸಮಾಧಾನವಾಗಲೆಂದು, ನರ್ಸೊಬ್ಬಳು ಹೇಳಿದಳು.

ಶವಸಂಸ್ಕಾರದ ನಂತರದ ಚಹಾಕೂಟದಲ್ಲಿ ಗಾರ್ಸೈಡ್ ಕಪ್ಪು ಹಿಡಿದು ಆಕೆಯೆದುರು ಬಂದು ನಿಂತರು. ಮ್ಯೂರಿಯಲ್ ಬೈಯಲಿಲ್ಲ, ಅಲ್ಲಿಯವರು ಬೈಯುವುದಿಲ್ಲ.

"ಬಸ್ಸು ಚೆನ್ನಾಗಿದೆ ಲಯನೆಲ್. ನಾನು ಹೋದಾಗ ಪೂರ್ತಿ ಖಾಲಿ ಇತ್ತು. ಇನ್ನೊಂದು ಸ್ಯಾಂಡ್‌ವಿಚ್ ತಗೋ."

ಗಾರ್ಸೈಡ್ ತಗೊಂಡರು.

ಸಾರ್ವಜನಿಕರಿಗಾಗಿಯೇ ಹುಟ್ಟಿದ ಈ ಜಾತಿಯ ಮನುಷ್ಯರು ಕೆಟ್ಟವರಲ್ಲ. ಅವರಿಲ್ಲದೆ ಯಾವ ಊರಿಗೂ ಬಸ್ಸು ಬಂದದ್ದಿಲ್ಲ. ಜನರಿಗಾಗಿ ಅವರು ನಿಜವಾಗಿಯೇ ದುಡಿಯುತ್ತಾರೆ. ದುಡಿದು ದುಡಿದು, ಕೊನೆಗೆ ಆರ್ತರ ಕೈಯೊಂದು ಮೇಲೆದ್ದರೂ ತಮಗೆ ಸಂದ ವಂದನೆಯೆಂದೇ ತಿಳಿದು, ಕಣ್ತುಂಬಿ, ಪ್ರತಿವಂದಿಸುತ್ತ ಮುಂದೆ ಸಾಗಿಬಿಡುತ್ತಾರೆ.