ತವರಿನ ಸೀರಿ

ನನಗ ಸಿಟ್ಟು ಮೂಗಿನ ತುದಿಮ್ಯಾಲ ಅಂತ ಮಂದಿ ಅಂತಾರ. ಅನ್ಲಿ. ಅವತ್ತ ಯಳವತ್ತಿಯೊಳಗ ನನ್ನ ಜಾಗಾದಾಗ ಇದ್ದಿದ್ರ ಅವರೂ ಹಂಗ ಮಾಡ್ತಿದ್ರು.

ಅಪ್ಪನ ತಂಗಿ ದೇವವ್ವತ್ತಿ ತೀರಿಕೊಂಡ ಖಬರ ಬಂದಾಗ ನಾ ಗದಗಿನ ಕಾಲೇಜಿನಾಗ ಇತಿಹಾಸದ ಪಾಠ ಮಾಡಾಕತ್ತಿದ್ದೆ. ಪೆರು ದೇಶದ ಆಂಡಿಸ್ ಗುಡ್ಡದಾಗಿನ ಹಿಂದಿನ ಮಂದಿ ಬಂಗಾರಕ್ಕಿಂತ ನೇಯ್ದ ಅರಿವಿ ದೊಡ್ಡದು ಅಂತಿದ್ರು, ಸತ್ತವರನ್ನ ಛಲೋ ಛಲೋ ಅರಿವ್ಯಾಗ ಸುತ್ತಿ ಕಳಸ್ತಿದ್ರು ಅಂತ ಹೇಳಿದೆ. ‘ಅಷ್ಟೂ ಮಣ್ಣುಪಾಲೇನ್ರಿ ಮೇಡಂ?’ ಅಂತ ಒಬ್ಬಾಕಿ ನಕ್ಕಳು. ‘ನಿಮ್ಮೂರಾಗ ಹೆಣ್ಮಗಳು ಸತ್ರ ತವರಿನವರು ಸೀರಿ ಯಾಕ ಒಯ್ತಾರವಾ?’ ಅಂತ ಕೇಳಿದೆ. ಅಷ್ಟರಾಗ ಫೋನು ಬಂತು.

ನಮ್ಮಪ್ಪ ಬೆಟಗೇರಿಯೊಳಗ ನೇಕಾರ. ಕಣ್ಣು ಮಂಜಾಗಿ ಮಗ್ಗ ಬಿಚ್ಚೂ ಮುಂದ ಕಡೀಗೆ ನೇಯ್ದದ್ದು ತಂಗಿಗೆ ಅಂತನ ಒಂದು ಸೀರಿ. ‘ಅಣ್ಣಾ, ನೀ ನೇಯ್ದದ್ದು ಉಟಗೊಂಡ ಮಣ್ಣಿಗೆ ಹೋಗಬೇಕು ನಾ’ ಅಂತ ಅತ್ತಿ ಹಟ ಹಿಡಿದು ನೇಯಿಸಿ ನಮ್ಮ ಹತ್ರನ ಇಡಿಸಿದ್ಲು. ಅದನ್ನ ಎದಿಗೆ ಅವಚಿಕೊಂಡು ಅಪ್ಪ ಬಸ್ಸು ಹತ್ತಿದ.

ಯಳವತ್ತಿಗೆ ಹೋಗಿ ನೋಡಿದ್ರ ಅತ್ತಿ ಕಿವಿ, ಕೈ ಬೋಳು. ಮೈಮ್ಯಾಲ ಅಂಗಡಿ ಪಾಲಿಸ್ಟರ್ ಸೀರಿ. ಅತ್ತಿ ಮಗ ಪರಶುರಾಮ ಮಾವ ನಮ್ಮ ಸೀರಿ ಸೆರಗನ್ನ ಬೆರಳಾಗ ತಿಕ್ಕಿ ತಿಕ್ಕಿ ನೋಡಿದ.

‘ಇಂಥಾದ್ದು ಈಗ ಎಲ್ಲಿ ಸಿಗತೈತ್ರಿ! ಮ್ಯಾಲ ಹೊದಿಸ್ರಿ, ಶಾಸ್ತ್ರ ಆತು. ಎತ್ತೂ ಮುಂದ ತಗದ್ರಾತು. ಗದಗಿನಾಗ ಕೈಮಗ್ಗದ ಸೀರಿಗೆ ಕೇಳಿದಷ್ಟು ಕೊಡ್ತಾರ.’

‘ಹೆತ್ತವ್ವನ ಹೆಣದ ಮ್ಯಾಲಿಂದ ತಗದು ಮಾರ್ತೀಯಾ ಮಾವಾ? ನಾಚಿಕಿ ಬರೂದಿಲ್ಲ?’

‘ಕಲತಾಕಿ ನೀನ ಹಿಂಗಂದ್ರ ಹೆಂಗ ಮಮತಾ? ಸತ್ತಾಕಿಗೆ ಏನು ಗೊತ್ತಾಗತೈತಿ?’

‘ಹೋಗ್ಲಿ ಬಿಡವಾ, ಹೊತ್ತಾಗತೈತಿ’ ಅಂದ್ಲು ಒಬ್ಬಾಕಿ ಮುದುಕಿ. ‘ಬಂಗಾರ ಬಿಚ್ಚಿಕೊಂಡ್ರಿ, ಹಾಳಾಗಿ ಹೋಗ್ರಿ. ಆಕಿ ಬಾಯಿಬಿಟ್ಟು ಕೇಳಿದ್ದು ಇದೊಂದ’ ಅಂದೆ.

ಸೀರಿ ಕಸಗೊಂಡು ಸೆರಗು ಹಿಡದು ಜಗ್ಗಿದೆ. ಅಂಚು ಗಟ್ಟಿ, ಹರೀಲಿಲ್ಲ.

‘ಹುಚ್ಚಿ ಅದಾಳ, ಹಿಡೀರಿ ಆಕಿನ್ನ!’ ಅಂತ ಮಾವ ಒದರಿದ.

ಅಪ್ಪ ಎದ್ದ. ನನ್ನ ಕೈ ಹಿಡೀತಾನ ಅಂತ ಎಲ್ಲಾರೂ ತಿಳಕೊಂಡ್ರು. ಆತ ಅಂಚು ತಡವಿ, ಹಲ್ಲಿಲೆ ಕಚ್ಚಿ ಎಳಿ ಹರದು, ಒಂದು ಮಗ್ಗಲು ತಾನ ಬಿಗಿಯಾಗಿ ಹಿಡಕೊಂಡ.

‘ಈಗ ಜಗ್ಗ ಯವ್ವಾ’ ಅಂದ.

ಹರದ ಸೀರಿ ಯಾರೂ ಕೊಳ್ಳೂದಿಲ್ಲ. ಅತ್ತಿನ್ನ ಅದರಾಗ ಸುತ್ತಿ ಕಳಿಸಿದ್ವಿ.